ಗೆರೆಯ ಮೇಲಿನ ಚುಕ್ಕೆ

ಫೆಬ್ರವರಿ 3

ಅತ್ತಿಗೆ,

ತಲುಪಿದ್ದೇನೆ. ಅಣ್ಣನಿಗೆ ಫೋನಿನಲ್ಲಿ ಹೇಳಿದ್ದೆ. ನಿಮಗೆ ಹೇಳಿರುತ್ತಾನೆ, ಹೇಳದೆಯೂ ಇರಬಹುದು, ಅವನ ವಿಷಯ ನಿಮಗೆ ಗೊತ್ತಿದ್ದದ್ದೇ.

ಕೋಣೆ ಮೂರನೆಯ ಮಹಡಿಯಲ್ಲಿದೆ. ಎದುರಿಗೆ ಬಟ್ಟೆ ಒಗೆಯುವವರ ಅಂಗಡಿ. ಅವರ ಯಂತ್ರದ ಬಿಸಿಗಾಳಿ ನೇರವಾಗಿ ನನ್ನ ಕಿಟಕಿಗೆ ಬರುತ್ತದೆ, ಹಾಗಾಗಿ ಇಡೀ ದಿನ ಯಾರದೋ ಒಗೆದ ಬಟ್ಟೆಯ ವಾಸನೆಯಲ್ಲಿ ಓದುತ್ತೇನೆ. ಅಮ್ಮನಿಗೆ ಊಟ ಚೆನ್ನಾಗಿದೆ ಎಂದು ಹೇಳಿ. ಚೆನ್ನಾಗಿಲ್ಲ.

ಸೆಮಿನಾರ್ ಪ್ರತಿ ಗುರುವಾರ ಮಧ್ಯಾಹ್ನ. ಪರಿಸರ ವ್ಯವಸ್ಥೆಯ ವಿಜ್ಞಾನ ಎಂದು ದೊಡ್ಡದಾಗಿ ಬೋರ್ಡು ಹಾಕಿದ್ದಾರೆ. ಒಳಗೆ ಒಂದು ಉದ್ದನೆಯ ಮೇಜು, ಅದರ ಸುತ್ತ ನಾವು ಹನ್ನೊಂದು ಜನ, ಹಿಂದೆ ಗಾಜಿನ ಬೀರುವಿನಲ್ಲಿ ಕೆರೆಯ ಕೆಸರು ತುಂಬಿದ ಸೀಸೆಗಳ ಸಾಲು. ನಡೆಸುವ ಪ್ರೊಫೆಸರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಅವರದೊಂದು ವಿಚಿತ್ರ ಪದ್ಧತಿ ಇದೆ. ಹಳೆಯ ಪತ್ರಿಕೆಗಳಿಂದ ಒಂದು ಸಂಶೋಧನಾ ಲೇಖನ ಆರಿಸುತ್ತಾರೆ, ಬರೆದವರ ಹೆಸರು, ಊರು, ಸಂಸ್ಥೆ ಎಲ್ಲವನ್ನೂ ಬ್ಲೇಡಿನಿಂದ ಕತ್ತರಿಸಿ ತೆಗೆಯುತ್ತಾರೆ, ಉಳಿದದ್ದನ್ನು ಜೆರಾಕ್ಸ್ ಮಾಡಿಸಿ ನಮಗೆ ಕೊಡುತ್ತಾರೆ. ಒಬ್ಬರು ಅದನ್ನು ತಾವೇ ಬರೆದವರಂತೆ ಸಮರ್ಥಿಸಬೇಕು. ಇನ್ನೊಬ್ಬರು ಪ್ರತಿವಾದಿ. ಹೆಸರುಗಳೆಲ್ಲ ಒಂದು ಲಕೋಟೆಯಲ್ಲಿ ಮೇಷ್ಟ್ರ ಬಳಿ ಇರುತ್ತವೆ, ಸರಣಿ ಮುಗಿದ ದಿನ ಒಡೆಯುವುದು.

"ಹೆಸರು ಕಂಡ್ರೆ ನೀವು ಒಂದೋ ಕೈ ಮುಗೀತೀರಿ, ಇಲ್ಲಾ ಮೂಗು ಮುರೀತೀರಿ. ಎರಡೂ ಬೇಡ. ಕೆಲಸ ನೋಡಿ," ಎಂದರು ಮೊದಲ ದಿನ.

ಏಪ್ರಿಲ್ ಕೊನೆಗೆ ಸರಣಿ ಮುಗಿಯುತ್ತದೆ. ಆಗ ನಮ್ಮಲ್ಲಿ ಒಬ್ಬರನ್ನು ಮಾತ್ರ ಮೇಷ್ಟ್ರು ತಮ್ಮ ಕೆರೆಯ ಸಂಶೋಧನಾ ಕೇಂದ್ರಕ್ಕೆ ಎರಡು ವರ್ಷಕ್ಕೆ ತೆಗೆದುಕೊಳ್ಳುತ್ತಾರೆ. ಆ ಜಾಗ ನನಗೆ ಬೇಕು, ಅತ್ತಿಗೆ. ಬೇಕೇ ಬೇಕು. ಸಿಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ವಾಪಸು ಬಂದು ಎಲ್ಲಾದರೂ ಪಾಠ ಹೇಳಬೇಕಾಗುತ್ತದೆ. ನನಗೆ ಪೈಪೋಟಿ ಕೊಡುವವನು ಒಬ್ಬನೇ. ದಪ್ಪ ಕನ್ನಡಕ, ಮೈ ಅಲ್ಲಾಡಿಸದೆ ಕತ್ತು ಮಾತ್ರ ತಿರುಗಿಸುತ್ತಾನೆ. ಗೂಬೆ ಎಂದು ಹೆಸರಿಟ್ಟಿದ್ದೇನೆ.

ನೀವೂ ಮದುವೆಗೆ ಮುಂಚೆ ಯಾವುದೋ ಲ್ಯಾಬಿನಲ್ಲಿ ಇದ್ದಿರಲ್ಲವೇ? ಅಲ್ಲಿಯೂ ಇಂಥದ್ದೆಲ್ಲ ಇತ್ತೇ?

ಚೂಟಿ


ಫೆಬ್ರವರಿ 11

ಚೂಟಿ,

ನಿನ್ನ ಪತ್ರ ಬಂತು. ನಿಮ್ಮಣ್ಣ ಹೇಳಿರಲಿಲ್ಲ.

ಅತ್ತೆಯ ಸೊಂಟ ಪರವಾಗಿಲ್ಲ. ಡಾಕ್ಟರು ನಾಲ್ಕು ಕಾಲಿನ ಊರುಗೋಲು ಕೊಟ್ಟಿದ್ದಾರೆ. ಅದನ್ನು ಹಿಡಿದು ನಡೆಯಿರಿ ಎಂದರೆ, "ಇದೇನು ಕುದುರೆನಾ? ಇದನ್ನ ಏರಿ ಯಾವ ಊರು ಗೆಲ್ಲೋಕೆ ಹೋಗ್ಲಿ?" ಎನ್ನುತ್ತಾರೆ. ನಾನು ಇಲ್ಲದಾಗ ಅದರ ಮೇಲೆ ಟವೆಲ್ ಒಣಹಾಕುತ್ತಾರೆ. ಬೆಳಗ್ಗೆ ನಾನು ಪ್ರೆಸ್ಸಿಗೆ ಹೋಗಿ ಬರುವ ತನಕ ಪಕ್ಕದ ಮನೆಯಾಕೆ ಬಂದು ಕೂರುತ್ತಾರೆ. ಈ ತಿಂಗಳು ಬಸ್ಸಿನ ವೇಳಾಪಟ್ಟಿಯ ಕರಡು ತಿದ್ದುತ್ತಿದ್ದೇನೆ. ಕಥೆಪುಸ್ತಕದಲ್ಲಿ ಒಂದು ತಪ್ಪು ಉಳಿದರೆ ಯಾರೂ ಬಸ್ಸು ತಪ್ಪಿಸಿಕೊಳ್ಳುವುದಿಲ್ಲ, ಇದರಲ್ಲಿ ಹಾಗಲ್ಲ.

ಹೆಸರು ಕತ್ತರಿಸುವುದು ಒಳ್ಳೆಯ ಪದ್ಧತಿ. ನಿಮ್ಮ ಮೇಷ್ಟ್ರ ಮೇಲೆ ನನಗೆ ಗೌರವ ಬಂತು.

ಲ್ಯಾಬಿನ ಬಗ್ಗೆ ಕೇಳಿದ್ದೀಯ. ಎಲೆ ಒಣಗಿಸಿ ತೂಕ ಮಾಡುವ ಕೆಲಸ. ಹೇಳುವಂಥದ್ದೇನೂ ಇಲ್ಲ.

ಅತ್ತಿಗೆ


ಫೆಬ್ರವರಿ 24

ಅತ್ತಿಗೆ,

ಈ ಗುರುವಾರ ನಾನು ಪ್ರತಿವಾದಿ. ಗೂಬೆ ವಾದಿ. ಅವನನ್ನು ನೆಲಕ್ಕೆ ಕೆಡವಿದೆ! ಇನ್ನೂ ಕಿವಿಯಲ್ಲಿ ನಗು ಕೇಳುತ್ತಿದೆ.

ಲೇಖನ ಹಳೆಯದು. ಒಂದು ತೊರೆಯಲ್ಲಿ ಉದುರಿದ ಎಲೆಗಳು ಎಷ್ಟು ಬೇಗ ಕೊಳೆಯುತ್ತವೆ ಎಂಬ ಅಧ್ಯಯನ. ನಿಮಗೆ ಅರ್ಥವಾಗುವಂತೆ ಹೇಳುತ್ತೇನೆ. ಒಣಎಲೆಯನ್ನು ತೂಕ ಮಾಡಿ ಜಾಲರಿ ಚೀಲದಲ್ಲಿ ತುಂಬುತ್ತಾರೆ, ಚೀಲವನ್ನು ತೊರೆಯ ತಳದಲ್ಲಿ ಕಟ್ಟಿ ಬಿಡುತ್ತಾರೆ, ಆಗಾಗ ಕೆಲವನ್ನು ತೆಗೆದು ಒಣಗಿಸಿ ಮತ್ತೆ ತೂಗುತ್ತಾರೆ. ತೂಕ ಇಳಿದಷ್ಟೂ ಎಲೆ ಕೊಳೆತು ತೊರೆಯ ಜೀವಗಳಿಗೆ ಆಹಾರವಾಯಿತು ಎಂದರ್ಥ. ಇಳಿಕೆಯನ್ನು ಚುಕ್ಕೆಗಳಾಗಿ ಗುರುತಿಸಿ ನಡುವೆ ಒಂದು ಗೆರೆ ಎಳೆಯುತ್ತಾರೆ. ಇದರಲ್ಲಿ ಎಲ್ಲ ಚುಕ್ಕೆಗಳೂ ಗೆರೆಯ ಆಚೆ ಈಚೆ ಚೆದುರಿವೆ, ಸಹಜವಾಗಿ. ಕೊನೆಯದೊಂದು ಮಾತ್ರ ಸರಿಯಾಗಿ ಗೆರೆಯ ಮೇಲೆಯೇ ಕೂತಿದೆ, ನೂಲು ಹಿಡಿದಂತೆ.

ನಾನು ಎದ್ದು ನಿಂತು, "ತೊರೆ ಇಷ್ಟು ಹೇಳಿದ ಮಾತು ಕೇಳೋದಿಲ್ಲ. ಈ ಮಹಾಶಯ ಕೊನೇ ಸಲ ನೀರಿಗಿಳಿದೇ ಇಲ್ಲ. ಮನೇಲಿ ಕಾಲು ಚಾಚಿ ಕೂತು, ಪೆನ್ಸಿಲ್ ತುದೀಲೇ ಎಲೆ ಕೊಳೆಸಿದ್ದಾನೆ," ಎಂದೆ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇಷ್ಟ್ರೂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಗೂಬೆ, "ಚೀಲ ಕೊಚ್ಕೊಂಡು ಹೋಗಿರ್ಬಹುದಲ್ವಾ," ಎಂದ. "ಹಾಗಾದ್ರೆ ಚುಕ್ಕೆ ಈಜ್ಕೊಂಡು ಬಂತಾ?" ಎಂದೆ. ಮತ್ತೆ ನಗು.

ಇನ್ನೊಂದು ಆಕ್ಷೇಪವನ್ನೂ ಎತ್ತಿದ್ದೆ: ಜಾಲರಿಯ ಕಣ್ಣು ಬಹಳ ಸಣ್ಣದು, ಎಲೆ ಮೇಯುವ ಹುಳುಗಳು ಒಳಗೆ ನುಗ್ಗಲಾರವು, ಆದ್ದರಿಂದ ಇಡೀ ಲೆಕ್ಕವೇ ಕಡಿಮೆ ಬಂದಿದೆ ಎಂದು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲವಲ್ಲ.

ಹೊರಗೆ ಬರುವಾಗ ಮೇಷ್ಟ್ರು ಬೆನ್ನು ತಟ್ಟಿದರು. ಕೆರೆ ಹತ್ತಿರವಾಗುತ್ತಿದೆ, ಅತ್ತಿಗೆ!

ಚೂಟಿ


ಮಾರ್ಚ್ 2

ಚೂಟಿ,

ಆ ಮಹಾಶಯ ನಾನು.

ನಾನು ಬರೆದು ಅಚ್ಚಾದ ಲೇಖನ ಒಂದೇ. ಅದೇ ಇದು. ಸಣ್ಣ ಜಾಲರಿ, ತೊರೆ, ಗೆರೆಯ ಮೇಲೆ ಕೂತ ಕೊನೆಯ ಚುಕ್ಕೆ. ಬೇರೆ ಯಾರದೂ ಇರಲಾರದು. ಕೊನೆಯ ಚೀಲಗಳನ್ನು ಪ್ರವಾಹ ಕೊಂಡೊಯ್ಯಿತು. ನಿಮ್ಮ ಗೂಬೆ ಹೇಳಿದ್ದು ಸರಿ. ಅಲ್ಲಿ ಏನಿರಬಹುದಿತ್ತು ಎಂದು ಲೆಕ್ಕ ಹಾಕಿ, ಒಳಗೆ ಮಸಿ ತುಂಬದ ಪೊಳ್ಳು ಚುಕ್ಕೆ ಇಟ್ಟೆ. ತುಂಬಿದ ಚುಕ್ಕೆ ಅಳೆದದ್ದು, ಪೊಳ್ಳು ಚುಕ್ಕೆ ಅಂದಾಜು ಎಂದು ಚಿತ್ರದ ಕೆಳಗೆ ಬರೆದೆ. ಮುಚ್ಚಿಟ್ಟಿಲ್ಲ.

ನಿನ್ನ ಪತ್ರ ಓದಿದ ಮೇಲೆ ನಾನು ಮೊದಲು ಮಾಡಿದ್ದೇನು ಗೊತ್ತೇ? ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಿ ನನ್ನ ಪ್ರತಿ ತೆಗೆದು, ಚುಕ್ಕೆ ನಿಜಕ್ಕೂ ಪೊಳ್ಳಾಗಿದೆಯೇ ಎಂದು ನೋಡಿದೆ. ನಾನೇ ಇಟ್ಟ ಚುಕ್ಕೆಯ ಮೇಲೆ ನನಗೇ ಅನುಮಾನ ಬಂತು. ಕಳ್ಳತನ ಮಾಡದವಳು ಪೊಲೀಸರನ್ನು ಕಂಡು ಜೇಬು ಮುಟ್ಟಿಕೊಂಡ ಹಾಗೆ. ಅದು ಪೊಳ್ಳಾಗಿಯೇ ಇತ್ತು. ಆದರೂ ನಾಚಿಕೆ ಹೋಗಲಿಲ್ಲ. ಆ ಕೋಣೆಯಲ್ಲಿ ನಕ್ಕವರೆಲ್ಲ ಅಡುಗೆಮನೆಗೆ ಬಂದು ನಿಂತಂತೆ ಆಯಿತು. ಅತ್ತೆ, "ಯಾಕೆ ಪಾತ್ರೆ ಮೇಲೆ ಸಿಟ್ಟು ತೀರಿಸ್ಕೊಳ್ತಿದೀಯ?" ಎಂದು ಕೇಳಿದರು.

"ನಿಮಗೆ ಅರ್ಥವಾಗುವಂತೆ" ಎಂದು ಬರೆದಿದ್ದೀಯ.

ಇದನ್ನು ಕಳಿಸುವುದಿಲ್ಲ. ಕಳಿಸಿದರೆ ನೀನು ಅಳುತ್ತೀಯ, ಕ್ಷಮೆ ಕೇಳುತ್ತೀಯ, ಆಮೇಲೆ ನಾನು ನಿನ್ನನ್ನು ಸಮಾಧಾನ ಮಾಡಬೇಕು. ಅಷ್ಟು ಶಕ್ತಿ ಇವತ್ತು ಇಲ್ಲ.


ಮಾರ್ಚ್ 2

ಚೂಟಿ,

ಸೆಮಿನಾರ್ ಚೆನ್ನಾಗಿ ಆದದ್ದು ಸಂತೋಷ. ಅತ್ತೆ ನಿನ್ನೆ ಊರುಗೋಲು ಹಿಡಿದು ಬಾಗಿಲ ತನಕ ಹೋಗಿ, ಬೀದಿಯಲ್ಲಿ ಯಾರೂ ನೋಡುತ್ತಿಲ್ಲ ಎಂದು ಗೊತ್ತಾದ ಮೇಲೆ ಬೇಸರದಿಂದ ವಾಪಸು ಬಂದರು.

ನನ್ನ ಕಸುಬಿನ ಮಾತೊಂದು ಹೇಳುತ್ತೇನೆ. ಜೆರಾಕ್ಸಿನ ಜೆರಾಕ್ಸಿನಲ್ಲಿ ಸಣ್ಣ ಅಕ್ಷರದ ಹೊಟ್ಟೆಯೆಲ್ಲ ಮಸಿ ತುಂಬಿಕೊಳ್ಳುತ್ತದೆ, ಅಂಚಿನ ಸಾಲು ಬಿಟ್ಟುಹೋಗುತ್ತದೆ. ನಾವು ಮೂಲ ನೋಡದೆ ಯಾವ ಕರಡಿಗೂ ಸಹಿ ಹಾಕುವುದಿಲ್ಲ. ನಿಮ್ಮ ಲೈಬ್ರರಿಯಲ್ಲಿ ಆ ಪತ್ರಿಕೆಯ ಮೂಲ ಸಂಚಿಕೆ ಇದ್ದರೆ ಒಮ್ಮೆ ನೋಡು.

ಆ ಮಹಾಶಯನ ವಯಸ್ಸೆಷ್ಟಿರಬಹುದು ಎಂದು ನಿನ್ನ ಅಂದಾಜು?

ಅತ್ತಿಗೆ


ಮಾರ್ಚ್ 10

ಅತ್ತಿಗೆ,

ನಿಮ್ಮ ಪತ್ರ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ಇದು ಅಚ್ಚಿನ ಮನೆಯ ವಿಷಯ ಅಲ್ಲ. ಇಲ್ಲಿ ಅಕ್ಷರ ತಿದ್ದುವುದಲ್ಲ, ವಿಚಾರ ತಿದ್ದುವುದು. ಒಂದು ಚುಕ್ಕೆ ಗೆರೆಯ ಮೇಲೆ ಬಿದ್ದಿದೆ ಎಂದರೆ ಅದಕ್ಕೆ ಮಸಿ ಕಾರಣ ಅಲ್ಲ. ಈ ರಂಗದಲ್ಲಿ ಇಂಥ ಮೋಸಗಳು ನಡೆಯುತ್ತವೆ, ನಿಮಗೆ ಹೊರಗಿನಿಂದ ತಿಳಿಯುವುದು ಕಷ್ಟ. ವಯಸ್ಸು ಕೇಳಿದ್ದೀರಿ: ಐವತ್ತು ದಾಟಿದ ಸೋಮಾರಿ, ಹೊಟ್ಟೆ ಬಂದವನು, ಶಿಷ್ಯರಿಂದ ಚೀಲ ಹೊರಿಸುವವನು!

ಈಗ ಸುದ್ದಿ ಕೇಳಿ. ಮೇಷ್ಟ್ರು ನನ್ನನ್ನು ಕರೆಸಿ, "ಬರೀ ನಗೋದಕ್ಕೆ ಬಿಡಬಾರದು ಇದನ್ನ. ಆ ಪತ್ರಿಕೆಗೇ ಬರಿ. ಹೆಸರು ಹಾಕಿ ಬರಿ," ಎಂದರು. ನಾನು ಬರೆದದ್ದನ್ನು ಏಪ್ರಿಲ್ 23ರ ಸಮಾರೋಪದ ದಿನ ಎಲ್ಲ ವಿಭಾಗದವರ ಎದುರು ಓದಬೇಕು, ಆಮೇಲೆ ಪತ್ರಿಕೆಗೆ ಹೋಗುತ್ತದೆ. ಅದು ಚೆನ್ನಾಗಿ ಆದರೆ ಕೆರೆಯ ಜಾಗ ನನ್ನದೇ ಎಂದು ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅಲ್ಲಿ ಚಳಿಗೆ ದಪ್ಪ ಬೂಟು ಬೇಕಾಗುತ್ತದೆ ಎಂದರು. ಬೇರೆ ಯಾಕೆ ಹಾಗೆ ಹೇಳುತ್ತಾರೆ?

ಪತ್ರಿಕೆಗೆ ಬರೆಯುವುದರಿಂದ ನನಗೊಬ್ಬಳಿಗೆ ಮಾತ್ರ ಆ ಒಂದು ಹೆಸರನ್ನು ಮುಂಚೆಯೇ ಕೊಡುತ್ತಾರಂತೆ. ಪಾಪ ಮಹಾಶಯ.

ಚೂಟಿ


ಮಾರ್ಚ್ 29

ಚೂಟಿ,

ನಿನ್ನಿಂದ ಕಾಗದವಿಲ್ಲ. ನಿಮ್ಮಣ್ಣ, "ಓದ್ತಿರ್ತಾಳೆ ಬಿಡು," ಎಂದರು. ಇರಬಹುದು.

ಅತ್ತೆಗೆ ನೆಗಡಿಯಾಗಿತ್ತು, ಈಗ ಹೋಗಿದೆ. ಬಸ್ಸಿನ ವೇಳಾಪಟ್ಟಿ ಅಚ್ಚಿಗೆ ಹೋಯಿತು.

ಅತ್ತಿಗೆ


ಏಪ್ರಿಲ್ 5

ಅತ್ತಿಗೆ,

ಬರೆಯಲಾಗಲಿಲ್ಲ. ಕೆಲಸ ಇತ್ತು.

ಅಮ್ಮ ಹೇಗಿದ್ದಾಳೆ? ನೆಗಡಿಗೆ ಡಾಕ್ಟರನ್ನು ಕರೆಸಿದಿರಾ? ಅವಳನ್ನು ಎಬ್ಬಿಸಿ ಕೂರಿಸುವಾಗ ನಿಮ್ಮ ಬೆನ್ನಿಗೆ ತೊಂದರೆಯಾಗುವುದಿಲ್ಲವೇ? ಅಣ್ಣ ಸಹಾಯ ಮಾಡುತ್ತಾನೆಯೇ? ನೀವು ಸ್ವಲ್ಪ ಹೊತ್ತಾದರೂ ಮಧ್ಯಾಹ್ನ ಮಲಗಬೇಕು.

ಲೈಬ್ರರಿಯಲ್ಲಿ ಮೂಲ ಸಂಚಿಕೆ ಸಿಕ್ಕಿತು. ನೀವು ಹೇಳಿದ್ದು ಸರಿ ಇತ್ತು. ಚುಕ್ಕೆ ಪೊಳ್ಳಾಗಿದೆ. ಕೆಳಗೆ ಒಂದು ಸಾಲು ಇದೆ, ನಮ್ಮ ಪ್ರತಿಯಲ್ಲಿ ಅದು ಬಿಟ್ಟುಹೋಗಿತ್ತು. ಏನು ಮಾಡಬೇಕೆಂದು ಯೋಚಿಸುತ್ತಿದ್ದೇನೆ. ಮೇಷ್ಟ್ರಿಗೆ ಇನ್ನೂ ಹೇಳಿಲ್ಲ.

ನಿಮಗೆ ಆ ಕಾಲದಲ್ಲಿ ಈ ಕೆಲಸ ಮಾಡುತ್ತಿದ್ದ ಯಾರದಾದರೂ ಪರಿಚಯವಿತ್ತೇ? ಸುಮ್ಮನೆ ಕೇಳಿದೆ.

ಚೂಟಿ


ಏಪ್ರಿಲ್ 11

ಚೂಟಿ,

ಪರಿಚಯವಿತ್ತು. ಚೆನ್ನಾಗಿಯೇ.

ನಿನಗೆ ಹೆಸರು ಗೊತ್ತಾಗಿದೆ. ಹೇಗೆ ತಿಳಿಯಿತು ಎನ್ನುತ್ತೀಯಾ? ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಬೆನ್ನು ವಿಚಾರಿಸಿದ್ದೀಯ.

ನನಗೆ ಸಿಟ್ಟು ಬಂದಿತ್ತು. ನೀನು ನಕ್ಕದ್ದಕ್ಕಲ್ಲ, ಹೆಸರಿಲ್ಲದ ಕಾಗದದ ಮೇಲೆ ನಗಬಹುದು, ಅದಕ್ಕೇ ತಾನೆ ಹೆಸರು ಕತ್ತರಿಸುವುದು. "ಸುಮ್ಮನೆ ಕೇಳಿದೆ" ಎಂದೆಯಲ್ಲ, ಅದಕ್ಕೆ ಬಂತು. ನಾನೇ ಬಾಯಿ ಬಿಟ್ಟು ಹೇಳಲಿ, ನಿನಗೆ ಹೇಳುವ ಕಷ್ಟ ತಪ್ಪಲಿ ಎಂದು ನೀನು ಕಾದೆ. ನಾನೂ ಮಾರ್ಚಿನಲ್ಲಿ ಅದನ್ನೇ ಮಾಡಿದೆ ಎನ್ನು. ಮೂಲ ನೋಡು ಎಂದು ಬರೆದು, ನೀನೇ ಕಂಡುಕೊಳ್ಳಲಿ ಎಂದು ಕಾದೆ. ಈ ಮನೆಯಲ್ಲಿ ಇದ್ದು ಇದ್ದು ನನಗೂ ಈ ಚಾಳಿ ಹತ್ತಿದೆ.

ನಿಮ್ಮ ಮನೆಗೆ ಬಂದದ್ದಕ್ಕೆ ನಾನು ಆ ಕೆಲಸ ಬಿಟ್ಟೆ ಎಂದು ತಿಳಿದು ಕೊರಗಬೇಡ. ಆ ಲೇಖನ ಅಚ್ಚಾದ ಮೇಲೆ ಎರಡು ವರ್ಷ ಟಪಾಲಿಗೆ ಕಾದೆ. ಒಪ್ಪಿಯೋ, ತಪ್ಪು ಹಿಡಿದೋ, ಯಾರಾದರೂ ಒಂದು ಸಾಲು ಬರೆಯುತ್ತಾರೆ ಎಂದುಕೊಂಡಿದ್ದೆ. ಒಬ್ಬರೂ ಬರೆಯಲಿಲ್ಲ. ಬೈದಿದ್ದರೂ ಇರುತ್ತಿದ್ದೆನೇನೋ. ಆಮೇಲೆ ನಿಮ್ಮಣ್ಣನ ಸಂಬಂಧದ ಮಾತು ಬಂತು, ಒಪ್ಪಿದೆ. ಬಂದ ಮೇಲೆ ಇಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜಾಲರಿಯ ವಿಷಯದಲ್ಲಿ ನೀನು ಹೇಳಿದ್ದು ಸರಿ. ನನಗೆ ಅದು ಹೊಳೆದಿರಲಿಲ್ಲ. ಪಾತ್ರೆ ತೊಳೆಯುವಾಗ, ಕರಡು ನೋಡುವಾಗ ಅದನ್ನೇ ಯೋಚಿಸುತ್ತಿದ್ದೇನೆ. ಚುಕ್ಕೆಯ ಆರೋಪ ಹಿಂತೆಗೆದುಕೋ. ನನ್ನ ಮೇಲೆ ಕನಿಕರಪಟ್ಟು ಜಾಲರಿಯ ಆಕ್ಷೇಪವನ್ನೂ ಹಿಂತೆಗೆದುಕೊಂಡೀಯ, ಜೋಕೆ.

23ಕ್ಕೆ ಅವರ ಎದುರು ಏನು ಹೇಳುತ್ತೀಯ?

ಅತ್ತಿಗೆ


ಏಪ್ರಿಲ್ 26

ಅತ್ತಿಗೆ,

ಈ ಪತ್ರವನ್ನು ಹಲವು ಸಲ ಬರೆದು ಹರಿದಿದ್ದೇನೆ. ಆದದ್ದನ್ನು ಆದಂತೆಯೇ ಬರೆಯುತ್ತೇನೆ.

ಸಭಾಂಗಣ ತುಂಬಿತ್ತು. ನಾನು ಎದ್ದು, ಮೂಲ ನೋಡಿದ್ದೇನೆ, ಚುಕ್ಕೆ ಪೊಳ್ಳಾಗಿದೆ, ಬರೆದವರು ಅಂದಾಜು ಎಂದು ಸ್ಪಷ್ಟವಾಗಿ ಹೇಳಿದ್ದಾರೆ, ನಮ್ಮ ಜೆರಾಕ್ಸ್ ಕೆಟ್ಟಿತ್ತು, ನನ್ನ ಆರೋಪ ತಪ್ಪು ಎಂದೆ. "ನಮ್ಮ ಜೆರಾಕ್ಸ್ ಕೆಟ್ಟಿತ್ತು" ಎನ್ನುವುದನ್ನು ಎರಡು ಸಲ ಹೇಳಿದೆ. "ಮೂಲ ನೋಡು ಎಂದು ನನಗೊಬ್ಬರು ಹೇಳಿದ್ದರು, ನಾನು ಅವರನ್ನು ಅಣಕಿಸಿದೆ" ಎಂಬುದನ್ನು ಒಂದು ಸಲವೂ ಹೇಳಲಿಲ್ಲ. ಜಾಲರಿಯ ಆಕ್ಷೇಪವನ್ನು ಬಿಡಲಿಲ್ಲ. ಅದೊಂದನ್ನು ಸರಿಯಾಗಿ ಮಾಡಿದೆ.

ಲಕೋಟೆ ಒಡೆದರು. ಮೇಷ್ಟ್ರು ಒಂದೊಂದೇ ಹೆಸರು ಓದಿದರು. ನಿಮ್ಮ ಮದುವೆಯ ಆಮಂತ್ರಣದಲ್ಲಿದ್ದ ನಿಮ್ಮ ಹೆಸರು ಆ ಕೋಣೆಯಲ್ಲಿ ಜೋರಾಗಿ ಕೇಳಿಸಿತು.

"ನೀವೆಲ್ಲ ಮಹಾಶಯ ಅಂದ್ರಲ್ಲ, ಹೆಂಗಸು! ಎಲ್ಲಿದ್ದಾರೋ ಈಗ. ಯಾರಿಗಾದ್ರೂ ಗೊತ್ತಾ?" ಎಂದರು.

ಗೂಬೆ ಕತ್ತು ತಿರುಗಿಸಿ ನನ್ನನ್ನು ನೋಡಿದ. "ನೀವು ಪತ್ರಿಕೆಗೆ ಬರೀಬೇಕು ಅಂತ ವಿಚಾರಿಸಿರ್ಬೇಕಲ್ಲ. ಗೊತ್ತಾ ಅವರು?" ಎಂದು ಕೇಳಿದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ.

"ಇಲ್ಲ. ಗೊತ್ತಿಲ್ಲ," ಎಂದೆ.

ಯೋಚಿಸುವ ಮೊದಲೇ ಬಾಯಿಂದ ಬಂತು ಎಂದು ಬರೆಯಬೇಕು ಎನ್ನಿಸುತ್ತಿದೆ. ಆದರೆ ಯೋಚಿಸಿಯೇ ಹೇಳಿದೆ, ಅತ್ತಿಗೆ. ಗೊತ್ತು ಎಂದರೆ, ನಮ್ಮ ಅತ್ತಿಗೆ ಎಂದರೆ, ಅವರದ್ದೆಂದು ತಿಳಿದ ಮೇಲೆ ತಿದ್ದಿದಳು ಎನ್ನುತ್ತಾರೆ ಎಂದು ಲೆಕ್ಕ ಹಾಕಿದೆ. ಇನ್ನೂ ಒಂದು ಲೆಕ್ಕ ಹಾಕಿದೆ. ಅದೇ ಮನೆಯಲ್ಲಿ ಬೆಳೆದೂ ಇವಳಿಗೆ ಗೊತ್ತಿರಲಿಲ್ಲವೇ ಎಂದು ಕೇಳಿದರೆ ಏನು ಉತ್ತರ? ಫೆಬ್ರವರಿಯಲ್ಲೇ ನೀವು "ಎಲೆ ಒಣಗಿಸಿ ತೂಕ ಮಾಡುವ ಕೆಲಸ" ಎಂದು ಬರೆದಿದ್ದಿರಿ. ಓದಿದ್ದೆ. ಓದಿ ಮಡಿಸಿಟ್ಟಿದ್ದೆ.

ಕೇಳಿ, ಇನ್ನೂ ಇದೆ. ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು ಸಭೆಗೆ, "ಗೆಲ್ತಿದ್ದಾಗ ತಪ್ಪಾಯ್ತು ಅನ್ನೋಕೆ ಎದೆ ಬೇಕು. ಪ್ರಾಮಾಣಿಕತೆ ಅಂದ್ರೆ ಇದು," ಎಂದರು. ಚಪ್ಪಾಳೆ. ಕೆರೆಯ ಜಾಗ ನನಗೆ ಕೊಟ್ಟರು. ಗೂಬೆ ಬಂದು ಕೈಕುಲುಕಿದ.

ನಿಮ್ಮನ್ನು ಮುಂದಿನ ಸರಣಿಯ ಮೊದಲ ಉಪನ್ಯಾಸಕ್ಕೆ ಕರೆಯಬೇಕೆಂದು ಮೇಷ್ಟ್ರ ಆಸೆ. ನಿಮ್ಮ ಹಳೆಯ ಸಂಸ್ಥೆಯ ವಿಳಾಸಕ್ಕೆ ಬರೆದಿದ್ದಾರೆ. ಅದು ಎಲ್ಲೆಲ್ಲಿ ಅಲೆಯುತ್ತದೋ. ಸರಿಯಾದ ವಿಳಾಸ ನನಗೆ ಗೊತ್ತು ಎಂದು ಹೇಗೆ ಹೇಳಲಿ?

ಅದೇ ವಿಳಾಸವನ್ನು ಈಗ ಈ ಲಕೋಟೆಯ ಮೇಲೆ ಬರೆಯುತ್ತಿದ್ದೇನೆ.

ಚೂಟಿ


ಮೇ 8

ಚೂಟಿ,

ನಿಮ್ಮ ಮೇಷ್ಟ್ರ ಕಾಗದ ಅಲೆದು ಅಲೆದು ಬರುವ ತನಕ ನಾನು ಕಾಯುವುದಿಲ್ಲ. ಟಪಾಲಿಗೆ ಕಾಯುವುದು ಒಂದು ಸಲಕ್ಕೆ ಸಾಕು. ನಾನೇ ಅವರಿಗೆ ಬರೆದಿದ್ದೇನೆ, ನನ್ನ ಹಳೆಯ ಹೆಸರಿನಲ್ಲಿ. ಪ್ರೆಸ್ಸಿನ ವಿಳಾಸ ಕೊಟ್ಟಿದ್ದೇನೆ. ಅವರು ಫೋನ್ ಮಾಡಿದರು. ಮುಂದಿನ ಸರಣಿಗಿಂತ ಮುಂಚೆ, ಇದೇ 21ಕ್ಕೆ ಬನ್ನಿ, ಹುಡುಗರು ಇನ್ನೂ ಇಲ್ಲೇ ಇರುತ್ತಾರೆ ಎಂದರು. ಒಪ್ಪಿದ್ದೇನೆ.

ನೀನು 17ರೊಳಗೆ ಇಲ್ಲಿಗೆ ಬಂದು ಅತ್ತೆಯನ್ನು ನೋಡಿಕೊಳ್ಳಬೇಕು. ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಹತ್ತು ದಿನ. ನಿನ್ನ ಕೋಣೆಯ ಬೀಗದ ಕೈ ಕೆಳಗಿನ ಮನೆಯವರ ಹತ್ತಿರ ಕೊಟ್ಟು ಬಾ; ನಾನು ಅಲ್ಲೇ ಇರುತ್ತೇನೆ.

ಅತ್ತೆಯನ್ನು ಎಬ್ಬಿಸುವಾಗ ಕೈ ಹಿಡಿದು ಎಳೆಯಬೇಡ. ನಿನ್ನ ಎರಡೂ ತೋಳನ್ನು ಅವರ ಬೆನ್ನ ಹಿಂದೆ ತಂದು, ಅವರು ನಿನ್ನ ಕೊರಳು ಹಿಡಿದ ಮೇಲೆ ನೀನು ಹಿಂದಕ್ಕೆ ವಾಲು. ಮುಖಕ್ಕೆ ಮುಖ ಹತ್ತಿರ ಬರುತ್ತದೆ, ಆಗ ಏನಾದರೂ ಚಾಡಿ ಹೇಳುತ್ತಾರೆ. ಕೇಳಿಸಿಕೋ.

ಅಲ್ಲಿ ನಾನು ಏನು ಹೇಳುತ್ತೇನೆ, ನಿನ್ನ ಜಾಗ ಏನಾಗುತ್ತದೆ ಎಂಬ ಭಯ ನಿನಗಿರುತ್ತದೆ. ನನಗೂ ಇನ್ನೂ ಗೊತ್ತಿಲ್ಲ.

ಅತ್ತಿಗೆ


ಮೇ 19

ಅತ್ತಿಗೆ,

ನನ್ನದೇ ಕೋಣೆಯ ವಿಳಾಸಕ್ಕೆ ನಾನೇ ಬರೆಯುವುದು ವಿಚಿತ್ರವಾಗಿದೆ. ಮೇಜಿನ ಕಾಲಿನ ಕೆಳಗೆ ಕಾಗದ ಮಡಿಸಿಡಿ, ಇಲ್ಲದಿದ್ದರೆ ಬರೆಯುವಾಗ ಅಲ್ಲಾಡುತ್ತದೆ.

ಅಮ್ಮನನ್ನು ನೀವು ಹೇಳಿದಂತೆಯೇ ಎಬ್ಬಿಸುತ್ತೇನೆ. ಮೊದಲ ದಿನ ನನ್ನ ಕಿವಿಯಲ್ಲಿ, "ಅವಳ ಕೈ ಬೆಚ್ಚಗಿರುತ್ತೆ, ನಿನ್ನದು ಮೀನಿನ ಹಾಗಿದೆ," ಎಂದಳು. ಈಗ ಕೈ ಉಜ್ಜಿಕೊಂಡು ಹೋಗುತ್ತೇನೆ. ಮಧ್ಯಾಹ್ನ ಮಲಗಬೇಕು ಎಂದು ನಿಮಗೆ ಬರೆದಿದ್ದೆನಲ್ಲ. ಮಲಗುವುದು ಯಾವಾಗ ಎಂದು ಇಲ್ಲಿಗೆ ಬಂದ ಮೇಲೆ ನನಗೆ ತಿಳಿಯುತ್ತಿಲ್ಲ.

ನಿನ್ನೆ ಊಟಕ್ಕೆ ಕೂತಾಗ ಅಣ್ಣನಿಗೆ ಲೇಖನದ ವಿಷಯ ಹೇಳಿದೆ. ಅವನು ನಿಮ್ಮ ಪ್ರಯಾಣವನ್ನು ಪ್ರೆಸ್ಸಿನ ಕೆಲಸ ಎಂದುಕೊಂಡಿದ್ದ.

"ಅವಳು ಬರೆದಿದ್ಲಾ? ಯಾವಾಗ?" ಎಂದ.

"ನೀನು ಕೇಳ್ಲಿಲ್ವಾ?"

"ನೀನು ಕೇಳಿದ್ಯಾ?"

ಆಮೇಲೆ ಇಬ್ಬರೂ ತಟ್ಟೆ ನೋಡಿಕೊಂಡು ತಿಂದೆವು. ಅವನು ಇವತ್ತು ತನ್ನ ತಟ್ಟೆ ತಾನೇ ತೊಳೆದ. ಅದರಿಂದ ಏನೂ ಆಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು ಎಂದು ಕಾಣುತ್ತದೆ, ಬಹಳ ಹೊತ್ತು ತೊಳೆದ.

ನೀವು ಅಲ್ಲಿ ಏನು ಬೇಕಾದರೂ ಹೇಳಿ. ಹೀಗೆ ಬರೆಯುವುದು ಸುಲಭ, ನಾನು ಇಲ್ಲಿದ್ದೇನೆ. ಆದರೂ ಹೇಳಿ.

ಚೂಟಿ


ಮೇ 22

ಚೂಟಿ,

ನಿನ್ನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಒಗೆದ ಬಟ್ಟೆಯ ವಾಸನೆ ನನಗೆ ಇಷ್ಟವಾಯಿತು.

ನಿನ್ನೆ ಉದ್ದನೆಯ ಮೇಜಿನ ತುದಿಯಲ್ಲಿ ನನ್ನನ್ನು ಕೂರಿಸಿದರು. ಮೇಷ್ಟ್ರು ಪರಿಚಯಿಸುವಾಗ ನಾನು ಗಾಜಿನ ಬೀರುವಿನ ಸೀಸೆಗಳನ್ನು ನೋಡುತ್ತಿದ್ದೆ. ಇವರೆಲ್ಲ ನನ್ನ ಮೇಲೆ ನಕ್ಕವರು ಎಂಬ ಯೋಚನೆ ಒಮ್ಮೆ ಬಂತು. ಎದ್ದು ಹೋಗೋಣ ಎನ್ನಿಸಿತು. ಆಮೇಲೆ ಮಾತು ಶುರುಮಾಡಿದೆ, ಪ್ರವಾಹದಿಂದ. ಚೀಲ ಕಟ್ಟಿದ್ದ ಕಬ್ಬಿಣದ ಸರಳು ಮಾತ್ರ ನಿಂತಿತ್ತು, ಒಂದು ಬದಿಗೆ ಬಾಗಿ, ಎಂದೆ. ಹದಿಮೂರು ವರ್ಷದ ಮೇಲೆ ಆ ಸರಳಿನ ಮಾತು ಆಡಿದೆ.

ಒಬ್ಬಳು ಜಾಲರಿಯ ಬಗ್ಗೆ ಕೇಳಿದಳು. ಅದು ನಿನ್ನ ಪ್ರಶ್ನೆ. "ಅದು ನನ್ನ ತಪ್ಪು. ಈಗ ಮಾಡೋದಾದ್ರೆ ಎರಡು ಥರದ ಜಾಲರಿ ಇಡ್ತೀನಿ," ಎಂದೆ. ಹೇಳುವಾಗ ನಾಚಿಕೆಯಾಗಲಿಲ್ಲ. ಮಾಡದ ತಪ್ಪಿಗೆ ಅಷ್ಟು ನಾಚಿದ್ದೆ, ಮಾಡಿದ ತಪ್ಪಿಗೆ ಆಗಲಿಲ್ಲ; ಯಾಕೋ ತಿಳಿಯದು.

ಕೊನೆಗೆ ನಿಮ್ಮ ಗೂಬೆ ಚಹಾ ತಂದುಕೊಟ್ಟು, "ನಿಮ್ಮ ಮೇಲೆ ಆರೋಪ ಮಾಡಿದ ಹುಡುಗಿ ಇವತ್ತು ಇದ್ದಿದ್ರೆ ಚೆನ್ನಾಗಿತ್ತು. ಮನೇಲಿ ಯಾರಿಗೋ ಹುಷಾರಿಲ್ಲ ಅಂತ ಹೋಗಿದಾಳೆ," ಎಂದ. "ಹೌದಾ," ಎಂದೆ. ಒಳ್ಳೆಯ ಹುಡುಗ. ಅವನನ್ನು ಗೂಬೆ ಎನ್ನುವುದು ಬಿಡು.

ನೀನು ನನಗೆ ಏನಾಗಬೇಕು ಎಂದು ಯಾರಿಗೂ ಹೇಳಲಿಲ್ಲ. ನಿನ್ನನ್ನು ಉಳಿಸಿದೆ ಎಂದು ತಿಳಿಯಬೇಡ. ಆ ಒಂದು ಮಧ್ಯಾಹ್ನ ನಾನು ಯಾರ ಅತ್ತಿಗೆಯೂ ಅಲ್ಲದೆ, ಯಾರ ಸೊಸೆಯೂ ಅಲ್ಲದೆ ಕೂತಿರಬೇಕು ಎನ್ನಿಸಿತು. ಅಷ್ಟೇ ಕಾರಣ. ನಿನ್ನ ಸುಳ್ಳು ನಿನ್ನ ಹತ್ತಿರವೇ ಇದೆ, ನಾನು ಮುಟ್ಟಿಲ್ಲ. ಅದನ್ನು ಇಟ್ಟುಕೊಂಡು ಕೆರೆಗೆ ಹೋಗುತ್ತೀಯೋ ಬಿಡುತ್ತೀಯೋ ನಿನಗೆ ಸೇರಿದ್ದು.

ಮೇಷ್ಟ್ರು ಇನ್ನೊಂದು ವಾರ ಇದ್ದು ತೊರೆಗಳನ್ನು ನೋಡಿ ಹೋಗಿ ಎನ್ನುತ್ತಿದ್ದಾರೆ. ಇರುತ್ತೇನೆ. ಅತ್ತೆಯ ಉಗುರು ಕತ್ತರಿಸುವ ದಿನ ಬಂದಿದೆ. ಮೊದಲು ಬಿಸಿನೀರಿನಲ್ಲಿ ನೆನೆಸು.


ಮೇ 27

ಅತ್ತಿಗೆ,

ಇರಿ, ಎಷ್ಟು ದಿನ ಬೇಕಾದರೂ ಇರಿ. ಉಗುರು ಕತ್ತರಿಸಿದೆ. ಒಂದು ಕಡೆ ಸ್ವಲ್ಪ ಒಳಗೆ ಹೋಯಿತು, ಅಮ್ಮ ಕೂಗಿದ್ದು ಬೀದಿಗೆ ಕೇಳಿಸಿರಬೇಕು.

ಮೇಷ್ಟ್ರಿಗೆ ಬರೆದಿದ್ದೇನೆ. ಸಮಾರೋಪದ ದಿನ ಗೊತ್ತಿಲ್ಲ ಎಂದದ್ದು ಸುಳ್ಳು, ಅವರು ನಮ್ಮ ಅತ್ತಿಗೆ, ನಾನು ಅವರ ಜೊತೆ ಒಂದೇ ಮನೆಯಲ್ಲಿ ಬೆಳೆದೆ, ಮೂಲ ನೋಡು ಎಂದು ಹೇಳಿದವರೂ ಅವರೇ, ಜಾಗ ಬೇರೆಯವರಿಗೆ ಕೊಡಬೇಕೆನಿಸಿದರೆ ಕೊಡಿ ಎಂದು. ಯಾಕೆ ಹಾಗೆ ಮಾಡಿದೆ ಎಂಬುದನ್ನು ವಿವರಿಸಲು ಒಂದು ಪುಟ ಬರೆದಿದ್ದೆ. ಅದರಲ್ಲಿ ಮತ್ತೆ ಜೆರಾಕ್ಸ್ ಬಂತು. ಆ ಪುಟ ತೆಗೆದುಹಾಕಿದೆ.

ಕಾಗದ ಡಬ್ಬಿಗೆ ಹಾಕಿ ಬಂದು ಅಮ್ಮನನ್ನು ಎಬ್ಬಿಸಿದೆ. ಕೊರಳು ಹಿಡಿದುಕೊಂಡೇ ಕೇಳಿದಳು.

"ಯಾರಿಗೆ ಬರೆದೆ?"

"ಮೇಷ್ಟ್ರಿಗೆ."

"ಏನಂತ?"

"ಅತ್ತಿಗೆ ನಮ್ಮವರು ಅಂತ."

ಅಮ್ಮ ತಲೆ ಹಿಂದೆ ಸರಿಸಿ ನನ್ನ ಮುಖ ನೋಡಿದಳು. "ಅದನ್ನ ಕಾಗದ ಬರೆದು ತಿಳಿಸ್ಬೇಕಾಯ್ತಾ?" ಎಂದಳು.

ಚೂಟಿ